ಹಳೆಯ ಬ್ರಿಟಿಷ್ ಕಾರುಗಳ ರ‍್ಯಾಲಿ: ಪ್ರಶಸ್ತಿಯ ಅಂಕ ಎಲ್ಲಿ ಬರುತ್ತದೆ, ಎಲ್ಲಿ ಹೋಗುತ್ತದೆ

ಬ್ರಿಟನ್ನಿನ ಹಳೆಯ ಕಾರುಗಳ ಕ್ಲಬ್ಬುಗಳು ಬೇಸಿಗೆಯಲ್ಲಿ ನಡೆಸುವ ರ‍್ಯಾಲಿಯಲ್ಲಿ ಯಾರೂ ಯಾರನ್ನೂ ಹಿಂದಿಕ್ಕಬೇಕಿಲ್ಲ. ಹುಲ್ಲಿನ ಮೈದಾನದಲ್ಲಿ ಎಂಜಿಬಿ, ಟ್ರಯಂಫ್, ಮಾರಿಸ್ ಮೈನರ್, ಜಾಗ್ವಾರ್‌ಗಳು ಮಾದರಿವಾರು ಸಾಲಾಗಿ ನಿಲ್ಲುತ್ತವೆ. ಬೆಳಿಗ್ಗೆ ತೀರ್ಪುಗಾರರು ಅಂಕಪಟ್ಟಿ ಹಿಡಿದು ಸುತ್ತುತ್ತಾರೆ, ಮಧ್ಯಾಹ್ನ ಬಹುಮಾನದ ಕಪ್ಪುಗಳನ್ನು ಹಂಚುತ್ತಾರೆ. ಈ ರೂಢಿ ಹಳೆಯದು. 1932ರಲ್ಲಿ ರಾಯಲ್ ಆಟೊಮೊಬೈಲ್ ಕ್ಲಬ್ಬಿನ ಮೊದಲ ಆರ್‌ಎಸಿ ರ‍್ಯಾಲಿ ಟಾರ್ಕಿ ಪಟ್ಟಣದಲ್ಲಿ ಮುಗಿದಾಗಲೇ ಕಾರುಗಳ ಮೈಕಟ್ಟಿನ ಅಂದಕ್ಕೆ ಬೇರೆಯದೇ ಸ್ಪರ್ಧೆ ಇತ್ತು.

ಒಂದು ಕ್ಲಬ್ಬಿನ ಕಾರುಗಳು ಮುಂದಿನ ಹತ್ತು ವರ್ಷದಲ್ಲಿ ಹೇಗಿರುತ್ತವೆ ಎಂಬುದನ್ನು ಅದರ ಅಂಕಪಟ್ಟಿ ನಿರ್ಧರಿಸುತ್ತದೆ. ಹೊಳಪಿಗೆ ಅಂಕ ಕೊಟ್ಟರೆ ಸದಸ್ಯರು ಎಂಜಿನ್ನಿನ ಮೇಲೆ ಕ್ರೋಮ್ ಮುಚ್ಚಳ ಹಾಕುತ್ತಾರೆ, ಕಾರ್ಬೊರೇಟರನ್ನು ಕನ್ನಡಿಯಂತೆ ಉಜ್ಜುತ್ತಾರೆ. ಕಾರ್ಖಾನೆಯಿಂದ ಹೊರಬಂದ ರೂಪಕ್ಕೆ ಅಂಕ ಕೊಟ್ಟರೆ ಅದೇ ಸದಸ್ಯರು ಹಳೆಯ ಪಾರ್ಟ್ಸ್ ಪಟ್ಟಿ ಹುಡುಕುತ್ತಾರೆ, ಸರಿಯಾದ ಹೋಸ್ ಕ್ಲಿಪ್ಪಿಗಾಗಿ ಸಂತೆ ಸಂತೆ ಅಲೆಯುತ್ತಾರೆ. ಆದ್ದರಿಂದ ಕಾರು ತರುವವರೂ ಅಂಕ ಹಾಕುವವರೂ ಈ ಪಟ್ಟಿಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಯಾವ ವಿಭಾಗಕ್ಕೆ ಹೆಸರು ಕೊಡಬೇಕು

ಹೆಚ್ಚಿನ ಕ್ಲಬ್ಬುಗಳಲ್ಲಿ ಎರಡು ಮುಖ್ಯ ವಿಭಾಗಗಳಿರುತ್ತವೆ. ಒಂದು ಕಾಂಕೂರ್. ಇದರಲ್ಲಿ ಕಾರಿನ ಮೇಲೆ, ಒಳಗೆ, ಅಡಿಯಲ್ಲಿ, ಬಾನೆಟ್ಟಿನ ಕೆಳಗೆ, ಡಿಕ್ಕಿಯಲ್ಲಿ, ಎಲ್ಲ ಕಡೆ ನೋಡುತ್ತಾರೆ. ಸ್ಥಿತಿಯ ಜೊತೆ ಮೂಲರೂಪಕ್ಕೂ ಅಂಕ. ಇನ್ನೊಂದು ಪ್ರೈಡ್ ಆಫ್ ಓನರ್‌ಶಿಪ್. ಇದರಲ್ಲಿ ಕಣ್ಣಿಗೆ ಕಾಣುವಷ್ಟನ್ನು ಮಾತ್ರ ನೋಡುವುದು ವಾಡಿಕೆ, ಮಾರ್ಪಾಡುಗಳ ಬಗ್ಗೆ ಹೆಚ್ಚು ತಕರಾರಿಲ್ಲ, ಎಷ್ಟೋ ಕಡೆ ಬಂದ ಸದಸ್ಯರೇ ಮತ ಹಾಕುತ್ತಾರೆ. ಹಿಂದೆ ಕಾಂಕೂರ್ ಗೆದ್ದ ಕಾರುಗಳಿಗೆ ಮಾಸ್ಟರ್ಸ್ ಎಂಬ ಮೇಲಿನ ದರ್ಜೆ ಇರುವುದುಂಟು. ಒಂದೇ ಕಾರು ಪ್ರತಿ ವರ್ಷ ಗೆದ್ದು ಉಳಿದವರ ಉತ್ಸಾಹ ಕುಗ್ಗಿಸದಿರಲಿ ಎಂದು ಮಾಡಿಕೊಂಡ ಏರ್ಪಾಡು ಅದು, ತುಂಬ ಒಳ್ಳೆಯದು. ಇವಲ್ಲದೆ ಜೀರ್ಣೋದ್ಧಾರ ಮಾಡದೆ ಉಳಿಸಿಕೊಂಡ ಕಾರು, ಮಾರ್ಪಡಿಸಿದ ಕಾರು, ಅತಿ ದೂರದಿಂದ ಓಡಿಸಿಕೊಂಡು ಬಂದ ಕಾರು, ಕೊನೆಗೆ ಇಡೀ ದಿನದ ಅತ್ಯುತ್ತಮ ಕಾರು, ಇವೂ ಇರುತ್ತವೆ.

ನಿತ್ಯ ಓಡಿಸುವ, ಎಲೆಕ್ಟ್ರಾನಿಕ್ ಇಗ್ನಿಷನ್ ಮತ್ತು ಐದು ಗೇರಿನ ಬಾಕ್ಸ್ ಕೂರಿಸಿದ ಮಾರಿಸ್ ಮೈನರನ್ನು ಕಾಂಕೂರಿಗೆ ತಂದರೆ ಮೂಲರೂಪದ ಅಂಕಗಳೆಲ್ಲ ಹೋಗುತ್ತವೆ. ಅದೇ ಕಾರು ಪ್ರೈಡ್ ವಿಭಾಗದಲ್ಲಿ ಸುಲಭವಾಗಿ ಗೆಲ್ಲಬಹುದು. ಅರ್ಜಿ ತುಂಬುವ ಮೊದಲು ನಿಯಮಾವಳಿಯಲ್ಲಿ ಮೂರು ವಿಷಯ ನೋಡಿಕೊಳ್ಳಿ: ಕಾರಿನ ಅಡಿಭಾಗ ನೋಡುತ್ತಾರೆಯೇ, ಸುರಕ್ಷತೆಗಾಗಿ ಸೇರಿಸಿದ ವಸ್ತುಗಳಿಗೆ ಅಂಕ ಕಳೆಯುತ್ತಾರೆಯೇ, ಟ್ರೇಲರ್ ಮೇಲೆ ತಂದ ಕಾರಿಗೆ ಪ್ರವೇಶ ಇದೆಯೇ. ಅಗ್ನಿಶಾಮಕ, ಸೀಟ್ ಬೆಲ್ಟ್, ಬ್ಯಾಟರಿ ಕಟ್-ಆಫ್ ಸ್ವಿಚ್ಚುಗಳಿಗೆ ಅಂಕ ಕಳೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಅಂಕದ ಆಸೆಗೆ ಜನ ಅಗ್ನಿಶಾಮಕವನ್ನು ಮನೆಯಲ್ಲಿ ಬಿಟ್ಟು ಬರುವಂತಾಗಬಾರದು.

ಅಂಕಪಟ್ಟಿ

ನೂರು ಅಂಕದ ಪಟ್ಟಿಯನ್ನು ಹೀಗೆ ಹಂಚಿದರೆ ಕೆಲಸ ಸುಗಮ: ಹೊರಮೈ ಮತ್ತು ಬಣ್ಣಕ್ಕೆ 25, ಕ್ರೋಮ್, ಗಾಜು, ದೀಪಗಳಿಗೆ 10, ಒಳಾಂಗಣಕ್ಕೆ 20, ಎಂಜಿನ್ ಕೋಣೆಗೆ 20, ಅಡಿಭಾಗ ಮತ್ತು ಚಕ್ರಗಳಿಗೆ 15, ಡಿಕ್ಕಿ, ಸ್ಟೆಪ್ನಿ, ಉಪಕರಣಗಳಿಗೆ 10. ಶುರುವಿನಲ್ಲಿ ಎಲ್ಲ ಕಾರಿಗೂ ಪೂರ್ತಿ ಅಂಕ ಇರುತ್ತದೆ. ದೋಷ ಕಂಡಂತೆ ಅರ್ಧ, ಒಂದು, ಎರಡು ಎಂದು ಕಳೆಯುತ್ತ ಹೋಗುವುದು. ಸೊನ್ನೆಯಿಂದ ಕೂಡಿಸುತ್ತ ಹೋದರೆ ತೀರ್ಪುಗಾರರು ತಮಗೆ ಇಷ್ಟವಾದ ಕಾರಿಗೆ ಅರಿವಿಲ್ಲದೆ ಧಾರಾಳಿಗಳಾಗುತ್ತಾರೆ. ಕಳೆಯುವ ಪದ್ಧತಿಯಲ್ಲಿ ಪ್ರತಿ ಅರ್ಧ ಅಂಕಕ್ಕೂ ಕಾರಣ ಬರೆಯಲೇಬೇಕಾಗುತ್ತದೆ, ಮಾಲೀಕರಿಗೆ ಚಳಿಗಾಲದಲ್ಲಿ ಮಾಡಬೇಕಾದ ಕೆಲಸದ ಪಟ್ಟಿಯೂ ಅದರಲ್ಲೇ ಸಿಗುತ್ತದೆ. ಸ್ಥಿತಿಯ ದೋಷಕ್ಕೂ ಮೂಲರೂಪದ ದೋಷಕ್ಕೂ ಬೇರೆ ಬೇರೆ ಅಂಕಣ ಇರಲಿ. ತುಕ್ಕು ಹಿಡಿದ ಸರಿಯಾದ ಕ್ಲಿಪ್ಪು, ಥಳಥಳಿಸುವ ತಪ್ಪು ಕ್ಲಿಪ್ಪು, ಇವೆರಡೂ ದೋಷಗಳೇ ಆದರೂ ಪರಿಹಾರ ಬೇರೆ ಬೇರೆ.

ಒಂದು ವಿಭಾಗದ ಎಲ್ಲ ಕಾರುಗಳ ಒಂದು ಭಾಗವನ್ನು ಒಬ್ಬರೇ ನೋಡಬೇಕು. ಎಂಜಿನ್ ಕೋಣೆ ನೋಡುವವರು ಇಪ್ಪತ್ತು ಕಾರಿನ ಎಂಜಿನ್ ಕೋಣೆಯನ್ನೂ ನೋಡಲಿ, ಒಳಾಂಗಣದವರು ಇಪ್ಪತ್ತರ ಒಳಾಂಗಣವನ್ನೂ ನೋಡಲಿ. ಹೀಗೆ ಮಾಡಿದಾಗ ಒಬ್ಬರು ಬಿಗಿಯಾಗಿ ಅಂಕ ಹಾಕಿದರೂ ಆ ಬಿಗಿ ಎಲ್ಲರಿಗೂ ಒಂದೇ. ಕಾರಿಗೆ 8 ನಿಮಿಷ ಎಂದರೆ 20 ಕಾರಿಗೆ 160 ನಿಮಿಷ. ಹತ್ತು ಗಂಟೆಗೆ ಶುರುವಾದರೆ ಮುಗಿಯುವುದು 12:40ಕ್ಕೆ, ಅದೂ ನಡುವೆ ಯಾರೂ ಮಾತಿಗೆ ನಿಲ್ಲಿಸದಿದ್ದರೆ. ಮೂರು ಗಂಟೆಗೆ ಬಹುಮಾನ ವಿತರಣೆ ಇಟ್ಟುಕೊಂಡರೆ ಕೂಡಿಕೆಯನ್ನು ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಲು ಬಿಡುವು ಸಿಗುತ್ತದೆ. ತಪ್ಪು ತೀರ್ಪಿನ ದೂರುಗಳಲ್ಲಿ ಕೂಡಿಕೆಯ ತಪ್ಪುಗಳದ್ದು ದೊಡ್ಡ ಪಾಲು.

ತೀರ್ಪುಗಾರರು ತಮ್ಮ ಕಾರು ನಿಂತ ವಿಭಾಗವನ್ನು ನೋಡಬಾರದು. ಉಂಗುರ, ಕೈಗಡಿಯಾರ, ಬೆಲ್ಟಿನ ಬಕಲ್, ಕೋಟಿನ ಜಿಪ್ ಇವುಗಳನ್ನು ತೆಗೆದಿಡಬೇಕು ಅಥವಾ ಮುಚ್ಚಿಕೊಳ್ಳಬೇಕು. ರೆಕ್ಕೆಯ (ಚಕ್ರದ ಮೇಲಿನ ಮೈಭಾಗದ) ಮೇಲೆ ಬಾಗಿ ಎಂಜಿನ್ ನೋಡುವಾಗ ಗೀರು ಬೀಳುವುದು ಇವುಗಳಿಂದಲೇ. ಬಾನೆಟ್, ಬಾಗಿಲು, ಡಿಕ್ಕಿಯನ್ನು ಮಾಲೀಕರೇ ತೆರೆಯಲಿ. ಟಾರ್ಚು, ಉದ್ದ ಹಿಡಿಯ ಕನ್ನಡಿ, ಮೊಣಕಾಲಿಗೆ ಒಂದು ಚಾಪೆ, ಇಷ್ಟು ಕೈಯಲ್ಲಿದ್ದರೆ ಸಾಕು.

ಮೂಲರೂಪ ಎಂದರೆ ಯಾವ ತಿಂಗಳಿನದು

ಮೂಲರೂಪದ ಪ್ರಶ್ನೆ ಹೊರಗಿನವರಿಗೆ ಸರಳವಾಗಿ ಕಾಣುತ್ತದೆ. ಎಂಜಿಬಿಯನ್ನೇ ತೆಗೆದುಕೊಳ್ಳಿ. ಆಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಈ ಕಾರು ಹೊರನೋಟಕ್ಕೆ ಒಂದೇ ಥರ. ಆದರೆ ಮೊದಲ ಕಾರುಗಳ ಬಾಗಿಲಿಗೆ ಎಳೆಯುವ ಹಿಡಿ ಇತ್ತು, 1965ರಲ್ಲಿ ಒತ್ತುವ ಗುಂಡಿಯ ಹಿಡಿ ಬಂತು. 1964ರ ಶರತ್ಕಾಲದವರೆಗೆ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿಗೆ ಮೂರು ಬೇರಿಂಗ್, ಆಮೇಲೆ ಐದು. 1967ರ ಕೊನೆಯಲ್ಲಿ ಡೈನಮೋ ಹೋಗಿ ಆಲ್ಟರ್ನೇಟರ್ ಬಂತು, ಅದರೊಂದಿಗೆ ಬ್ಯಾಟರಿಯ ಧನ ತುದಿಯನ್ನು ಮೈಗೆ ಜೋಡಿಸುವ ಪದ್ಧತಿಯೂ ತಿರುಗಿ ಋಣ ತುದಿಯ ಪದ್ಧತಿಯಾಯಿತು. 1970ರ ಮಾದರಿಗೆ ಒಳಕ್ಕೆ ಕೂರಿಸಿದ ಕಪ್ಪು ಗ್ರಿಲ್ ಮತ್ತು ರೋಸ್ಟೈಲ್ ಎಂಬ ಉಕ್ಕಿನ ಚಕ್ರ. 1973ರ ಮಾದರಿಗೆ ಜೇನುಗೂಡಿನ ಜಾಲರಿ. 1974ರ ಶರತ್ಕಾಲದಲ್ಲಿ ಕ್ರೋಮ್ ಬಂಪರ್ ಹೋಗಿ ಕಪ್ಪು ರಬ್ಬರ್ ಬಂಪರ್ ಬಂತು, ಕಾರಿನ ಎತ್ತರವೂ ಸುಮಾರು ಒಂದೂವರೆ ಇಂಚು ಹೆಚ್ಚಾಯಿತು. ಅಲ್ಲಿಯವರೆಗೆ ಸೀಟಿನ ಹಿಂದೆ ಎರಡು 6 ವೋಲ್ಟ್ ಬ್ಯಾಟರಿಗಳಿದ್ದವು, ಆಮೇಲೆ ಒಂದೇ 12 ವೋಲ್ಟಿನದು.

ಹೀಗಿರುವಾಗ 1964ರ ಕಾರಿಗೆ 1971ರ ಗ್ರಿಲ್ ಹಾಕಿದ್ದರೆ ಅದು ಎಷ್ಟೇ ಹೊಳೆದರೂ ತಪ್ಪೇ. ಬಣ್ಣದಲ್ಲೂ ಇದೇ ಕಥೆ. ಟಾರ್ಟನ್ ರೆಡ್, ಐರಿಸ್ ಬ್ಲೂ, ಓಲ್ಡ್ ಇಂಗ್ಲಿಷ್ ವೈಟ್ ಅರವತ್ತರ ದಶಕದವು. ಬ್ಲೇಜ್ ಎಂಬ ಕಿತ್ತಳೆ ಕೆಂಪು, ಹಾರ್ವೆಸ್ಟ್ ಗೋಲ್ಡ್ ಇವು ಎಪ್ಪತ್ತರ ದಶಕದವು. ಮಾರಿಸ್ ಮೈನರಿನಲ್ಲಿ ಎರಡು ತುಂಡಿನ ಮುಂಗಾಜು 1956ರಲ್ಲಿ ನಿಂತಿತು. ಮೈಯಿಂದ ಕೈ ಚಾಚಿದಂತೆ ಹೊರಬರುವ ಟ್ರಾಫಿಕೇಟರುಗಳು 1961ರಲ್ಲಿ ಹೋಗಿ ಮಿನುಗುವ ದೀಪ ಬಂತು. ಜಾಗ್ವಾರ್ ಇ-ಟೈಪಿನಲ್ಲಿ 1961ರಿಂದ 1974ರ ನಡುವೆ ಮೂರು ಸರಣಿಗಳು, ಪ್ರತಿ ಸರಣಿಯೊಳಗೂ ಹತ್ತಾರು ಬದಲಾವಣೆಗಳು.

ವಾದ ಬೇಡ ಎಂದರೆ ದಾಖಲೆ ತರಿಸಿಕೊಳ್ಳಿ. ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಮತ್ತು ಲೇಲ್ಯಾಂಡ್ ಕಂಪನಿ ಕುಟುಂಬದ ಅನೇಕ ಮಾದರಿಗಳಿಗೆ ತಯಾರಿಕಾ ದಾಖಲೆಗಳಿಂದ ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತದೆ. ಜಾಗ್ವಾರ್‌ಗಳಿಗೆ ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಇದೆ. ತಯಾರಾದ ದಿನ, ಮೂಲ ಬಣ್ಣ, ಒಳಹೊದಿಕೆಯ ಬಣ್ಣ, ಎಂಜಿನ್ ಸಂಖ್ಯೆ, ಕಾರ್ಖಾನೆಯಲ್ಲೇ ಕೂರಿಸಿದ ಹೆಚ್ಚುವರಿ ಸಾಮಾನು, ಮೊದಲು ಕಳುಹಿಸಿದ ಊರು ಅಥವಾ ದೇಶ, ಇಂಥವು ಅದರಲ್ಲಿ ಸಿಗುತ್ತವೆ. ಅದರ ಪ್ರತಿಯನ್ನು ಕಾರಿನ ಪಕ್ಕದಲ್ಲಿಡಿ. ತೀರ್ಪುಗಾರರು ಅನುಮಾನದಿಂದ ಅರ್ಧ ಅಂಕ ಕಳೆಯುವ ಮೊದಲೇ ಉತ್ತರ ಸಿಕ್ಕಿರುತ್ತದೆ. ವೈರ್ ವೀಲ್ (ಕಡ್ಡಿಗಳ ಚಕ್ರ), ಓವರ್‌ಡ್ರೈವ್ (ಹೆಚ್ಚುವರಿ ಗೇರು) ಇಂಥ ಆಯ್ಕೆಯ ಸಾಮಾನುಗಳ ವಿಷಯದಲ್ಲಂತೂ ಈ ಕಾಗದಕ್ಕಿಂತ ಬಲವಾದ ಸಾಕ್ಷಿ ಇಲ್ಲ.

ನಂಬರ್ ಪ್ಲೇಟನ್ನು ಮರೆಯುವವರು ಬಹಳ. ಬೆಳಕು ಪ್ರತಿಫಲಿಸುವ ಹಳದಿ-ಬಿಳಿ ಪ್ಲೇಟು ಬ್ರಿಟನ್ನಿನಲ್ಲಿ ಹೊಸ ಕಾರುಗಳಿಗೆ ಕಡ್ಡಾಯವಾದದ್ದು 1973ರ ಜನವರಿಯಿಂದ. ಅದಕ್ಕೆ ಹಿಂದಿನ ಕಾರಿಗೆ ಕಪ್ಪು ಹಲಗೆಯ ಮೇಲೆ ಬೆಳ್ಳಿ ಅಕ್ಷರ ಒಪ್ಪುತ್ತದೆ. ಈಗಿನ ಕಾನೂನು 1980ರ ಜನವರಿ 1ಕ್ಕೆ ಮೊದಲು ತಯಾರಾಗಿ ಹಿಸ್ಟಾರಿಕ್ ವರ್ಗದಲ್ಲಿ ನೋಂದಣಿಯಾದ ಕಾರಿಗೆ ಕಪ್ಪು ಪ್ಲೇಟು ಹಾಕಲು ಬಿಡುತ್ತದೆ. ಹಾಗೆಂದು 1978ರ ಕಾರಿಗೆ ಅದನ್ನು ಹಾಕಿದರೆ ಪೊಲೀಸರು ಸುಮ್ಮನಿದ್ದಾರು, ತೀರ್ಪುಗಾರರು ಸುಮ್ಮನಿರಲಾರರು.

ಬಾನೆಟ್ ಎತ್ತಿದಾಗ

ಅಂಕ ಹೆಚ್ಚು ಸೋರುವುದು ಇಲ್ಲೇ. ಮೊದಲು ಕಣ್ಣಿಗೆ ಬೀಳುವುದು ಬಣ್ಣ ಬಣ್ಣದ ಸಿಲಿಕೋನ್ ಹೋಸುಗಳು, ಹೆಣೆದ ಉಕ್ಕಿನ ಪೈಪುಗಳು, ಕೆಂಪು ಅಥವಾ ನೀಲಿಯ ಪ್ಲಗ್ ವೈರು, ಕ್ರೋಮ್ ರಾಕರ್ ಕವರ್. ಇವೆಲ್ಲ ಕಪ್ಪು ರಬ್ಬರಿಗೂ ಎಂಜಿನ್ನಿನ ಸರಿಯಾದ ಬಣ್ಣಕ್ಕೂ ಮರಳಬೇಕು. ಮೈನರಿನ ಎ-ಸೀರೀಸ್ ಎಂಜಿನ್ನಿಗೆ ಬಿಎಂಸಿಯ ಹಸಿರು, ಮೊದಲ ಎಂಜಿಬಿಗಳ ಬಿ-ಸೀರೀಸಿಗೆ ಕಂದುಗೆಂಪು, ಎಪ್ಪತ್ತರ ದಶಕದ ಕಾರುಗಳಿಗೆ ಕಪ್ಪು. ಎಸ್‌ಯು ಕಂಪನಿಯ ಕಾರ್ಬೊರೇಟರಿನ ಗುಮ್ಮಟವನ್ನು ಕನ್ನಡಿಯಂತೆ ಉಜ್ಜುವುದು ಈಗ ರೂಢಿಯಾಗಿಬಿಟ್ಟಿದೆ. ಕಾರ್ಖಾನೆಯಿಂದ ಬಂದಾಗ ಅದು ಮಂಕಾದ ಎರಕದ ಅಲ್ಯೂಮಿನಿಯಂ. ಪೆಟ್ರೋಲಿನ ಕಲೆ ತೆಗೆದು ಹಾಗೇ ಬಿಟ್ಟರೆ ಪೂರ್ತಿ ಅಂಕ.

ಡಿಸ್ಟ್ರಿಬ್ಯೂಟರಿನಿಂದ ಹೊರಬರುವ ವೈರನ್ನು ತೀರ್ಪುಗಾರರು ತಪ್ಪದೆ ನೋಡುತ್ತಾರೆ. ಪಾಯಿಂಟ್ಸ್ (ಕಿಡಿಗಾಗಿ ತೆರೆದು ಮುಚ್ಚುವ ಹಳೆಯ ಸ್ವಿಚ್ಚು) ಇರುವ ಕಡೆ ಒಂದೇ ವೈರು. ಕೆಂಪು-ಕಪ್ಪು ಜೋಡಿ ಕಂಡರೆ ಮುಚ್ಚಳದೊಳಗೆ ಎಲೆಕ್ಟ್ರಾನಿಕ್ ಕಿಟ್ ಕೂತಿದೆ ಎಂದೇ ಅರ್ಥ. ವೈರಿಂಗಿಗೆ ಕಾರಿನ ವಿದ್ಯುತ್ ಸಾಮಾನು ತಯಾರಿಸುತ್ತಿದ್ದ ಲ್ಯೂಕಸ್ ಕಂಪನಿಯ ಬಣ್ಣಗಳ ಕ್ರಮವಿದೆ: ಬ್ಯಾಟರಿಯಿಂದ ನೇರ ಬರುವುದು ಕಂದು, ಇಗ್ನಿಷನ್ ಸ್ವಿಚ್ಚಿನಿಂದ ಬರುವುದು ಬಿಳಿ, ಅಲ್ಲಿಂದ ಫ್ಯೂಸ್ ದಾಟಿದ ಮೇಲೆ ಹಸಿರು, ಸೈಡ್ ಲೈಟಿಗೆ ಕೆಂಪು, ಹೆಡ್‌ಲೈಟಿಗೆ ನೀಲಿ, ಅರ್ಥಿಂಗ್ ಕಪ್ಪು. ಯಾರೋ ಎಂದೋ ಹಳದಿ ವೈರೊಂದನ್ನು ತಂದು ಪ್ಲಾಸ್ಟಿಕ್ ಕ್ಲಿಪ್ಪಿನಿಂದ ಕಚ್ಚಿಸಿದ್ದರೆ ಅದು ಅಂಕ ಕಳೆಯುತ್ತದೆ, ಜೊತೆಗೆ ಅಪಾಯವೂ ಹೌದು. ಫ್ಯೂಸಿನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಲ್ಯೂಕಸ್ ಗಾಜಿನ ಫ್ಯೂಸಿನ ಮೇಲೆ 35 ಆಂಪ್ ಎಂದಿದ್ದರೆ ಅದು ಸುಟ್ಟುಹೋಗುವ ಮಟ್ಟ; ಸತತವಾಗಿ ಹೊರುವುದು 17 ಆಂಪ್. ಅದರ ಬದಲು ಸತತ 35 ಆಂಪ್ ಹೊರುವ ಇಂದಿನ ಫ್ಯೂಸ್ ಹಾಕಿದರೆ ಫ್ಯೂಸಿಗಿಂತ ಮೊದಲು ವೈರು ಸುಡುತ್ತದೆ.

ಬ್ರೇಕ್ ಮತ್ತು ಕ್ಲಚ್ಚಿನ ಮಾಸ್ಟರ್ ಸಿಲಿಂಡರ್ ಕೂತ ಜಾಗದಲ್ಲಿ ಬಣ್ಣ ಗುಳ್ಳೆಯೆದ್ದು ಸಿಪ್ಪೆ ಬಿಡುವುದು ಈ ಕಾಲದ ಹೆಚ್ಚುಕಡಿಮೆ ಎಲ್ಲ ಕಾರಿನ ರೋಗ. ಡಾಟ್ 4 ಎಂಬ ಬ್ರೇಕ್ ದ್ರವ ಬಣ್ಣವನ್ನು ಕರಗಿಸುತ್ತದೆ. ದ್ರವ ತುಂಬುವಾಗ ಸುತ್ತ ಬಟ್ಟೆ ಹಾಸಿ, ಚೆಲ್ಲಿದರೆ ಒರೆಸುವುದಕ್ಕಿಂತ ಮೊದಲು ಧಾರಾಳ ನೀರು ಹುಯ್ಯಿರಿ. ಆ ದ್ರವ ನೀರಿನಲ್ಲಿ ಬೆರೆತು ಹೋಗುತ್ತದೆ. ಬಣ್ಣ ಬಳಿಯುವ ಮೊದಲು ಸೋರಿಕೆಯ ಮೂಲ ಹುಡುಕಬೇಕು. ಸಿಲಿಂಡರಿನ ಸೀಲ್ ಸವೆದಿದ್ದರೆ ಹೊಸ ಬಣ್ಣ ಒಂದು ಋತುವೂ ಬಾಳದು.

ಬೋಲ್ಟುಗಳಿಗೆ ಬರೋಣ. ಸ್ಟೇನ್‌ಲೆಸ್ ಬೋಲ್ಟು ತುಕ್ಕು ಹಿಡಿಯುವುದಿಲ್ಲ, ನೋಡಲು ಚೆನ್ನ, ಆದರೆ ಕಾಂಕೂರಿನಲ್ಲಿ ತಪ್ಪು. ಎಷ್ಟೋ ಕಡೆ ಬಲದ ದೃಷ್ಟಿಯಿಂದಲೂ ತಪ್ಪು, ಸಾಮಾನ್ಯ ಸ್ಟೇನ್‌ಲೆಸ್ ಮೂಲದ ಹೈ ಟೆನ್ಸೈಲ್ ಉಕ್ಕಿನಷ್ಟು ಗಟ್ಟಿಯಲ್ಲ. ಸಸ್ಪೆನ್ಷನ್ನಿಗಂತೂ ಅದನ್ನು ಹಾಕಲೇಬೇಡಿ. ಹಳೆಯ ಬೋಲ್ಟನ್ನು ಉಜ್ಜಿ ಶುದ್ಧಮಾಡಿ ಸತು ಲೇಪನ ಮಾಡಿಸಿದರೆ ತಲೆಯ ಮೇಲಿನ ತಯಾರಕರ ಗುರುತು ಉಳಿಯುತ್ತದೆ, ಬಣ್ಣವೂ ಹಳೆಯ ಕ್ಯಾಡ್ಮಿಯಂ ಲೇಪನಕ್ಕೆ ಹತ್ತಿರ ಬರುತ್ತದೆ.

ಹೊರಮೈ, ಅಡಿ, ಒಳಗೆ

ತೀರ್ಪುಗಾರರು ಮೊದಲು ಹಿಂಬದಿಯ ಮೂಲೆಯಲ್ಲಿ ಕೂತು ಕಾರಿನ ಉದ್ದಕ್ಕೂ ದಿಟ್ಟಿಸುತ್ತಾರೆ. ಎಂಜಿಬಿಯ ಪಕ್ಕದ ಕ್ರೋಮ್ ಪಟ್ಟಿ ಹಿಂದಿನ ರೆಕ್ಕೆ, ಬಾಗಿಲು, ಮುಂದಿನ ರೆಕ್ಕೆ ಮೂರರ ಮೇಲೂ ಒಂದೇ ಗೆರೆಯಲ್ಲಿ ಸಾಗಬೇಕು. ಬಾಗಿಲ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಬಾಗಿಲಡಿಯ ಸಿಲ್ ಪಟ್ಟಿ ಬದಲಿಸುವಾಗ ಬಾಗಿಲು ಕಳಚಿಟ್ಟು ಬೆಸೆದಿದ್ದಾರೆ ಎಂಬ ಅನುಮಾನ ಹುಟ್ಟುತ್ತದೆ. ಇನ್ನೊಂದು ತುದಿಯ ದೋಷವೂ ಇದೆ: ಆಬಿಂಗ್ಡನ್ನಿನಲ್ಲಿ ಎಂದೂ ಸಾಧ್ಯವಾಗದಷ್ಟು ಸಮನಾದ ಸಂದುಗಳು, ಗಾಜಿನಂತೆ ಉಜ್ಜಿದ ಬಣ್ಣ. ಕಾರ್ಖಾನೆಯ ಬಣ್ಣದಲ್ಲಿ ಕಿತ್ತಳೆ ಸಿಪ್ಪೆಯಂಥ ಸಣ್ಣ ತರಿ ಇರುತ್ತಿತ್ತು. ಅತಿ ಜೀರ್ಣೋದ್ಧಾರಕ್ಕೆ ಅಂಕ ಕಳೆಯಬೇಕೇ ಎಂಬುದರ ಬಗ್ಗೆ ಕ್ಲಬ್ಬುಗಳಲ್ಲಿ ಒಮ್ಮತವಿಲ್ಲ. ಕಳೆಯದಿದ್ದರೂ ಹೆಚ್ಚಿಗೆ ಕೊಡಬಾರದು ಎಂಬ ಪಕ್ಷ ನನ್ನದು.

ಪಾಲಿಶ್ಶಿನ ಬಿಳಿ ಪುಡಿ ಬ್ಯಾಡ್ಜಿನ ಅಕ್ಷರಗಳ ನಡುವೆ, ಪಟ್ಟಿಯ ಅಂಚಿನಲ್ಲಿ ಉಳಿಯುವುದು ತೀರ ಸಾಮಾನ್ಯ. ಮೆತ್ತನೆಯ ಹಲ್ಲುಜ್ಜುವ ಬ್ರಷ್ಷು, ಮರದ ಕಡ್ಡಿ ಸಾಕು. ಎಂಜಿಬಿಯ ಮುಂಗಾಜಿನ ಚೌಕಟ್ಟು ಆನೋಡೈಸ್ ಮಾಡಿದ ಅಲ್ಯೂಮಿನಿಯಂ. ಅದನ್ನು ಕ್ರೋಮ್ ಎಂದುಕೊಂಡು ಲೋಹದ ಪಾಲಿಶ್ ಹಚ್ಚಿ ಉಜ್ಜಿದರೆ ರಕ್ಷಣೆಯ ಪದರ ಹೋಗಿ ಕೆಲವೇ ತಿಂಗಳಲ್ಲಿ ಮಸುಕಾಗುತ್ತದೆ. ದೀಪದ ಗಾಜಿನ ಮೇಲೆ ಲ್ಯೂಕಸ್ ಅಚ್ಚು ಇದೆಯೇ, ಕಿಟಕಿ ಗಾಜಿನ ಮೇಲೆ ಗಾಜು ತಯಾರಕ ಟ್ರಿಪ್ಲೆಕ್ಸ್ ಕಂಪನಿಯ ಗುರುತು ಇದೆಯೇ ಎಂದೂ ನೋಡುತ್ತಾರೆ. ಟ್ರಿಪ್ಲೆಕ್ಸ್ ಗುರುತಿನ ಚುಕ್ಕೆಗಳಲ್ಲಿ ಗಾಜು ತಯಾರಾದ ಕಾಲ ಅಡಗಿರುತ್ತದೆ.

ವೈರ್ ವೀಲುಗಳಿಗೆ ಒಂದು ಇಡೀ ದಿನ ಮೀಸಲಿಡಿ. ಎಂಜಿಬಿಯ ಚಕ್ರಕ್ಕೆ 60 ಕಡ್ಡಿ. ನಾಲ್ಕೂ ಚಕ್ರ ಮತ್ತು ಸ್ಟೆಪ್ನಿ ಸೇರಿದರೆ 300 ಕಡ್ಡಿ, ಪ್ರತಿಯೊಂದರ ಬುಡದಲ್ಲೂ ಬ್ರೇಕಿನ ಪುಡಿ. ಒಂದಿಂಚಿನ ಬಣ್ಣದ ಬ್ರಷ್ಷು, ಸೋಪು ನೀರು ಬಳಸಿ. ಪ್ರೆಶರ್ ವಾಶರ್ ಹಿಡಿದರೆ ನೀರು ಹಬ್ಬಿನ ಹಲ್ಲುಗಳಿಗೆ ನುಗ್ಗಿ ಗ್ರೀಸ್ ತೊಳೆದುಹೋಗುತ್ತದೆ, ಹಲ್ಲು ಸವೆದು ಹಿಡಿತ ತಪ್ಪುತ್ತದೆ. ಚಕ್ರದ ನಡುವಿನ, ಕಿವಿಯಂಥ ರೆಕ್ಕೆಗಳಿರುವ ನಟ್ಟನ್ನು ಉಕ್ಕಿನ ಸುತ್ತಿಗೆಯಿಂದ ಹೊಡೆದ ಕಾರು ದೂರದಿಂದಲೇ ಗೊತ್ತಾಗುತ್ತದೆ. ತಾಮ್ರ ಅಥವಾ ತೊಗಲಿನ ತಲೆಯ ಸುತ್ತಿಗೆಯನ್ನೇ ಬಳಸಿ. ಟೈರಿಗೆ ಹೊಳಪಿನ ದ್ರವ ಹಚ್ಚಬೇಡಿ. ಒದ್ದೆಯಂತೆ ಹೊಳೆಯುವ ಟೈರಿಗೆ ಅಂಕ ಕಳೆಯುವವರೇ ಹೆಚ್ಚು.

ಅಡಿಭಾಗದಲ್ಲಿ ದಪ್ಪನೆ ಬಳಿದ ತುಕ್ಕುತಡೆಯ ಕಪ್ಪು ಅಂಡರ್‌ಸೀಲ್ ತೀರ್ಪುಗಾರರನ್ನು ಮೆಚ್ಚಿಸುವುದಿಲ್ಲ, ಅದರಡಿ ತುಕ್ಕು ಅಡಗಿರಬಹುದು. ಎಣ್ಣೆ ತೊಟ್ಟಿಕ್ಕುವುದರ ಬಗ್ಗೆ ನ್ಯಾಯವಾಗಿ ನೋಡಬೇಕು. ಮೈನರಿನ ಎಂಜಿನ್ ಮತ್ತು ಮೂರು ಬೇರಿಂಗಿನ ಎಂಜಿಬಿ ಎಂಜಿನ್ನಿನ ಹಿಂಬದಿಯಲ್ಲಿ ಸೀಲ್ ಬದಲು ಸುರುಳಿ ತೋಡು ಇದೆ. ಅದು ಎಣ್ಣೆಯನ್ನು ಎಂಜಿನ್ನಿನ ಒಳಕ್ಕೆ ತಳ್ಳುವುದು ಎಂಜಿನ್ ತಿರುಗುತ್ತಿರುವಾಗ ಮಾತ್ರ, ನಿಂತಾಗ ಒಂದೆರಡು ಹನಿ ಬೀಳುವುದು ಅದರ ವಿನ್ಯಾಸದಲ್ಲೇ ಇದೆ. ಗೇರ್‌ಬಾಕ್ಸಿನಿಂದಲೂ ಆಕ್ಸಲಿನಿಂದಲೂ ಸುರಿಯುತ್ತಿದ್ದರೆ ಮಾತು ಬೇರೆ.

ಒಳಾಂಗಣದಲ್ಲಿ ಸೀಟಿನ ಹೊದಿಕೆ, ಅಂಚಿನ ಪೈಪಿಂಗ್, ನೆಲಹಾಸಿನ ಬಗೆ ಇವು ಮಾದರಿಯ ವರ್ಷಕ್ಕೆ ತಾಳೆಯಾಗಬೇಕು. ಡಿಕ್ಕಿಯಲ್ಲಿ ಜಾಕ್, ಚಕ್ರದ ಸುತ್ತಿಗೆ ಅಥವಾ ಪಾನಾ, ಉಪಕರಣದ ಚೀಲ ಇರಬೇಕು. ಜಾಗ್ವಾರ್ ಇ-ಟೈಪಿನ ಮಡಚುವ ಉಪಕರಣ ಚೀಲದಲ್ಲಿ ಗ್ರೀಸ್ ಗನ್, ಫೀಲರ್ ಗೇಜ್, ಟೈರ್ ಗೇಜ್ ತನಕ ಎಲ್ಲಕ್ಕೂ ಗೊತ್ತಾದ ಜಾಗವಿದ್ದು, ಖಾಲಿ ಗೂಡು ತಕ್ಷಣ ಕಾಣುತ್ತದೆ. ಸ್ಟೆಪ್ನಿಯ ಟೈರು ಉಳಿದ ನಾಲ್ಕರ ಕಂಪನಿಯದೇ ಆಗಿರಲಿ.

ಯಾವಾಗ ಏನು ಮಾಡಬೇಕು

ಅಡಿಭಾಗದ ಕೆಲಸವನ್ನು ಮೂರು ವಾರ ಮೊದಲೇ ಮುಗಿಸಿ, ಯಾಕೆಂದರೆ ಅಲ್ಲಿ ನೀರು ಆರಲು ಕಾಲ ಬೇಕು, ಹೊಸ ಬಣ್ಣ ಗಟ್ಟಿಯಾಗಲೂ ಬೇಕು. ಎಂಜಿನ್ ಕೋಣೆಗೆ ಒಂದು ವಾರ ಮೊದಲು ಕೈ ಹಾಕಿ. ಎಂಜಿನ್ ಉಗುರುಬೆಚ್ಚಗಿರುವಾಗ ಕಾರ್ಬೊರೇಟರಿನ ಬಾಯಿ, ಡಿಸ್ಟ್ರಿಬ್ಯೂಟರ್, ಡೈನಮೋ ಇವಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿ, ಡಿಗ್ರೀಸರ್ ಹಚ್ಚಿ, ಬ್ರಷ್ಷಿನಿಂದ ತಿಕ್ಕಿ, ಕಡಿಮೆ ಒತ್ತಡದ ನೀರಿನಿಂದ ತೊಳೆದು, ಚೀಲ ಬಿಚ್ಚಿ, ಗಾಳಿ ಹೊಡೆದು, ಅದೇ ದಿನ ಹತ್ತು ಮೈಲಿಯಾದರೂ ಓಡಿಸಿ. ತೊಳೆದು ಹಾಗೇ ನಿಲ್ಲಿಸಿದ ಕಾರು ರ‍್ಯಾಲಿಯ ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಕಾರಣ ಹೆಚ್ಚಾಗಿ ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗಿನ ತೇವ.

ಹಿಂದಿನ ದಿನ ಹೊರಮೈ ತೊಳೆಯುವುದು. ಎರಡು ಬಕೆಟ್ಟು ಇರಲಿ, ಒಂದರಲ್ಲಿ ಶ್ಯಾಂಪೂ ನೀರು, ಇನ್ನೊಂದರಲ್ಲಿ ಬರಿ ನೀರು. ಪ್ರತಿ ಸಲ ತೊಳೆಯುವ ಕೈಗವಸಿನ ಮಣ್ಣನ್ನು ಬರಿ ನೀರಿನಲ್ಲಿ ಬಿಟ್ಟ ಮೇಲೆ ಶ್ಯಾಂಪೂವಿನಲ್ಲಿ ಅದ್ದಿದರೆ ಸುಳಿಗೀರು ಬೀಳುವುದಿಲ್ಲ. ಹಳೆಯ ಸೆಲ್ಯುಲೋಸ್ ಬಣ್ಣವಿದ್ದರೆ ಅಂಚುಗಳಲ್ಲಿ ಪಾಲಿಶ್ ಯಂತ್ರ ಇಡಲೇಬೇಡಿ. ಅಂಚಿನಲ್ಲಿ ಬಣ್ಣ ತೆಳು, ಕ್ಷಣದಲ್ಲಿ ಪ್ರೈಮರ್ ಹೊರಬರುತ್ತದೆ.

ಮೈದಾನ ತಲುಪಿದ ಮೇಲಿನ ಮೊದಲ ಶತ್ರು ಕತ್ತರಿಸಿದ ಹುಲ್ಲು. ಒದ್ದೆ ಟೈರಿಗೆ ಅಂಟಿ ರೆಕ್ಕೆಯೊಳಗೆಲ್ಲ ಎರಚುತ್ತದೆ. ನಡೆಯುವ ವೇಗದಲ್ಲೇ ಒಳಬನ್ನಿ, ನಿಲ್ಲುವ ಜಾಗದಲ್ಲಿ ನಾಲ್ಕು ಚಕ್ರಕ್ಕೂ ಹಳೆಯ ಕಾರ್ಪೆಟ್ಟಿನ ತುಂಡು ಹಾಸಿ, ಒಂದು ಸುತ್ತು ಉರುಳಿಸುತ್ತ ಟೈರಿನ ಗೀರುಗಳಿಂದ ಹುಲ್ಲು ಬಿಡಿಸಿ. ದಾರಿಯಲ್ಲಿ ಮುಂಭಾಗಕ್ಕೆ ಹೊಡೆದ ಕೀಟಗಳನ್ನು ಒಣಗಿದ ಬಟ್ಟೆಯಿಂದ ಉಜ್ಜದೆ ಒದ್ದೆ ಬಟ್ಟೆ ಐದು ನಿಮಿಷ ಹೊದಿಸಿ ನೆನೆಸಿ ತೆಗೆಯಿರಿ. ಚಾಲಕನ ಕಾಲಡಿಯ ಟವೆಲನ್ನು ಕೊನೆಗೆ ತೆಗೆಯಿರಿ. ಬಿಲ್ಲುಗಳು, ಹಳೆಯ ಎಂಒಟಿ (ವಾಹನದ ವಾರ್ಷಿಕ ತಪಾಸಣೆ) ಪತ್ರಗಳು, ಜೀರ್ಣೋದ್ಧಾರದ ಫೋಟೋಗಳಿರುವ ಕಡತದ ಮೇಲೆ ಒಂದೇ ಪುಟದ ಟಿಪ್ಪಣಿ ಇರಲಿ: ಮೂಲದಿಂದ ಏನೇನು ಬದಲಾಗಿದೆ, ಏಕೆ ಎಂದು. ನೀವೇ ಹೇಳಿದ ಬದಲಾವಣೆಗೂ ಅಂಕ ಹೋಗುತ್ತದೆ ನಿಜ, ಆದರೆ ಆಮೇಲೆ ತೀರ್ಪುಗಾರರು ನಿಮ್ಮ ಉಳಿದ ಮಾತನ್ನೂ ನಂಬುತ್ತಾರೆ. ಅವರು ನೋಡುವಾಗ ಕರೆದಷ್ಟಕ್ಕೆ ಮಾತ್ರ ಉತ್ತರಿಸಿ, ಹೆಗಲ ಮೇಲೆ ನಿಂತು ಕಥೆ ಹೇಳಬೇಡಿ. ಮಳೆ ಬಂದರೆ ಎಲ್ಲರಿಗೂ ಒರೆಸಲು ಒಂದೇ ಅವಧಿ ಕೊಟ್ಟು, ನೀರಿನ ಹನಿಗೆ ಅಂಕ ಕಳೆಯದಿರುವುದು ನ್ಯಾಯ.

ಜೀರ್ಣೋದ್ಧಾರ ಮಾಡದ ಕಾರುಗಳಿಗೆ ಇದೆಲ್ಲ ತಿರುಗುಮುರುಗು. ಅಲ್ಲಿ ಸವೆತ ತಪ್ಪಲ್ಲ, ಸವೆತಕ್ಕೂ ಓಡಿದ ಮೈಲಿಗೂ ಹೊಂದಾಣಿಕೆ ಇಲ್ಲದಿರುವುದು ತಪ್ಪು. ಬಣ್ಣ ಮಾಸಿದ ಬಾಗಿಲಿನ ಒಳಗೆ ಹೊಸ ಕಾರ್ಪೆಟ್ ಹಾಕಿದರೆ ಕಾರಿನ ಬೆಲೆಯೇ ಕೆಟ್ಟಂತೆ. ತೊಳೆದು, ತೆಳುವಾಗಿ ಮೇಣ ಹಚ್ಚಿ, ಹರಿದ ಕಡೆ ಒಳಗಿನಿಂದ ಆಧಾರ ಕೊಟ್ಟು ನಿಲ್ಲಿಸಿ. ಮಾರಾಟಗಾರರ ಹಳೆಯ ಸ್ಟಿಕ್ಕರು, ಕಾರ್ಖಾನೆಯವರು ಸೀಮೆಸುಣ್ಣದಿಂದ ಬರೆದ ಗುರುತು, ಕಾಗದದ ಚೀಟಿ ಇವನ್ನು ಒರೆಸಿಬಿಡಬೇಡಿ. ಕ್ಲಬ್ಬಿನ ಎಲ್ಲ ಕಪ್ಪುಗಳಲ್ಲಿ ನನಗೆ ಅತಿ ಮುಖ್ಯವೆನಿಸುವುದು ಈ ವಿಭಾಗದ್ದೇ. ಉಳಿದ ಕಾರುಗಳನ್ನು ಸರಿಮಾಡುವವರು ಮಾದರಿಯಾಗಿ ನೋಡಬೇಕಾದದ್ದು ಈ ಕಾರುಗಳನ್ನೇ.

ಮತ, ದೂರ, ಕಪ್ಪು

ಸದಸ್ಯರ ಮತದಿಂದ ಕೊಡುವ ಪ್ರಶಸ್ತಿಯಲ್ಲಿ ಚಹಾ ಡೇರೆಯ ಪಕ್ಕ ನಿಂತ ಕಾರಿಗೆ ಮತ ಜಾಸ್ತಿ ಬೀಳುತ್ತದೆ. ಹಾಗಾಗಿ ಸಾಲುಗಳನ್ನು ಡೇರೆಯಿಂದ ದೂರವಿಡಿ, ಪ್ರತಿ ಪ್ರವೇಶಕ್ಕೆ ಸಂಖ್ಯೆ ಮುದ್ರಿಸಿದ ಒಂದೇ ಚೀಟಿ ಕೊಡಿ, ಸ್ವಂತ ಕಾರಿಗೆ ಹಾಕಿದ ಮತ ಎಣಿಸಬೇಡಿ, ಒಂದು ಗಂಟೆಗೆ ಪೆಟ್ಟಿಗೆ ಮುಚ್ಚಿ. ಅತಿ ದೂರದ ಪ್ರಶಸ್ತಿಗೆ ಮನೆಯ ಪೋಸ್ಟ್‌ಕೋಡಿನಿಂದ ಮೈದಾನದವರೆಗಿನ ರಸ್ತೆಯ ದೂರ ಲೆಕ್ಕಕ್ಕೆ ಬರಲಿ. ಸ್ವಂತ ಎಂಜಿನ್ನಿನ ಬಲದಿಂದ ಬಂದಿರಬೇಕು. ಹಡಗಿನಲ್ಲಿ ಕಡಲು ದಾಟಿ ಬಂದವರಿಗೆ ಬೇರೆ ಬಹುಮಾನ ಇಡದಿದ್ದರೆ ಸ್ಕಾಟ್ಲೆಂಡಿನಿಂದ ಇಡೀ ದಿನ ಓಡಿಸಿಕೊಂಡು ಬಂದವರಿಗೆ ಎಂದೂ ಸಿಗುವುದಿಲ್ಲ. ಅಂಕ ಸಮನಾದರೆ ಏನು ಎಂಬುದನ್ನು ಮೊದಲೇ ಬರೆದಿಡಿ. ಎಂಜಿನ್ ಕೋಣೆಯಲ್ಲಿ ಹೆಚ್ಚು ಅಂಕ ಪಡೆದವರು, ಆಗಲೂ ಸಮನಾದರೆ ಓಡಿಸಿಕೊಂಡು ಬಂದವರು ಎಂಬ ಕ್ರಮ ಯಾರಿಗೂ ಅನ್ಯಾಯವೆನಿಸದು.

ಘೋಷಣೆ ಮಾಡುವಾಗ ಮಾಲೀಕರ ಹೆಸರಿನ ಜೊತೆ ಕಾರಿನ ನೋಂದಣಿ ಸಂಖ್ಯೆ, ಮಾದರಿ, ವರ್ಷ ಓದಿ, ಗೆದ್ದ ಕಾರಣವನ್ನು ಒಂದು ವಾಕ್ಯದಲ್ಲಿ ಹೇಳಿ. ಗೆದ್ದವರಿಗೂ ಸೋತವರಿಗೂ ಅಂಕಪಟ್ಟಿಯ ಪ್ರತಿ ಅದೇ ದಿನ ಕೈಗೆ ಸಿಗಬೇಕು.

ವರ್ಷದಿಂದ ವರ್ಷಕ್ಕೆ ಕೈ ಬದಲಾಗುವ ಕಪ್ಪುಗಳ ಲೆಕ್ಕಕ್ಕೆ ಕ್ಲಬ್ಬಿನಲ್ಲಿ ಒಬ್ಬರು ಬೇಕೇ ಬೇಕು. ಒಯ್ಯುವವರಿಂದ ವಿಳಾಸ ಸಹಿತ ರಸೀದಿ ಬರೆಸಿಕೊಳ್ಳಿ, ಕೊಡುವ ಮೊದಲು ಕಪ್ಪಿನ ಫೋಟೋ ತೆಗೆಯಿರಿ, ಮುಂದಿನ ರ‍್ಯಾಲಿಗೆ ನಾಲ್ಕು ವಾರ ಮೊದಲು ಮರಳಿಸಬೇಕೆಂಬ ದಿನಾಂಕ ರಸೀದಿಯಲ್ಲೇ ಇರಲಿ. ಹೆಸರು ಕೆತ್ತಿಸುವುದು ಕ್ಲಬ್ಬಿನ ಖರ್ಚೋ ಗೆದ್ದವರದೋ ಎಂಬುದನ್ನೂ ಬರೆಯಿರಿ, ಇಲ್ಲವಾದರೆ ಮೂರು ವರ್ಷದ ಹೆಸರುಗಳು ಖಾಲಿ ಉಳಿಯುತ್ತವೆ. ಬೆಳ್ಳಿ ಲೇಪದ ಕಪ್ಪನ್ನು ಪ್ರತಿ ತಿಂಗಳು ಪಾಲಿಶ್ ಹಾಕಿ ತಿಕ್ಕಿದರೆ ಲೇಪ ಸವೆದು ಒಳಗಿನ ಹಿತ್ತಾಳೆ ಕಾಣುತ್ತದೆ. ವರ್ಷಕ್ಕೊಮ್ಮೆ ಸಾಕು, ಉಳಿದ ದಿನ ಮೆತ್ತನೆ ಬಟ್ಟೆ. ತೀರಿಹೋದ ಸದಸ್ಯರ ನೆನಪಿಗೆ ಮನೆಯವರು ಹೊಸ ಕಪ್ಪು ಕೊಡಲು ಬಂದಾಗ ಅದನ್ನು ಯಾವ ಸಾಧನೆಗೆ ಕೊಡಬೇಕು, ಆ ವಿಭಾಗವೇ ಮುಂದೆ ಇಲ್ಲವಾದರೆ ಏನು ಮಾಡಬೇಕು, ಎರಡನ್ನೂ ಅವರೊಂದಿಗೆ ಕೂತು ಕಾಗದದ ಮೇಲೆ ಬರೆದು ಎರಡೂ ಕಡೆಯವರು ಸಹಿ ಹಾಕಿ.